ಗಣಹೋಮದ ಫೋಟೋ ಒಳಗೆ ಇಟ್ಟಿದ್ದ ಜಿಪ್ ಫೈಲ್ ಮಾಯ. ವಾಪಸ್ ಸಿಗುತ್ತಾ?

ಡೊಂಬಿವಲಿ ಪೂರ್ವ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನಮ್ಮ ದೊಡ್ಡಪ್ಪ ಕುರ್ಲಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಸಾಂಬಾರು ಪುಡಿ, ಸಾರಿನ ಪುಡಿ, ಗೋಳಿಬಜೆ ಹಿಟ್ಟು, ಎಲ್ಲದರ ಅಳತೆ ಅದರಲ್ಲೇ. 2005ರ ಜುಲೈ 26ರ ಮಳೆ ನೆನಪಿದೆಯಲ್ವಾ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು? ಅವತ್ತು ಹೋಟೆಲಿಗೆ ಸೊಂಟದವರೆಗೆ ನೀರು ನುಗ್ಗಿತು. ಪುಸ್ತಕ ತೋಯ್ದು ತೊಪ್ಪೆಯಾಯಿತು. ಒಣಗಿಸಿ ಇಟ್ಟರೂ ಶಾಯಿ ಮಾಸುತ್ತಲೇ ಬಂತು. ಕೊನೆಗೆ 2016ರಲ್ಲಿ ಉಳಿದಿದ್ದ 14 ಪುಟಗಳನ್ನು ನಾನು ಸ್ಕ್ಯಾನ್ ಮಾಡಿದೆ. ಪುಸ್ತಕ ಈಗ ಇಲ್ಲ, ಗೆದ್ದಲು ತಿಂದಿತು.

ಹೋಟೆಲಿನ ಕಂಪ್ಯೂಟರ್ ಎಲ್ಲರ ಕೈಗೂ ಸಿಗುತ್ತಿತ್ತು. ಅಳತೆ ಹೊರಗೆ ಹೋಗಬಾರದು ಅಂತ ದೊಡ್ಡಪ್ಪನಿಗೆ ಭಾರೀ ಹಟ. ಆಗ ಗೆಳೆಯನೊಬ್ಬ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿ, ಸ್ಕ್ಯಾನ್‌ಗಳನ್ನೆಲ್ಲ ಒಂದೇ ಕಟ್ಟು ಮಾಡಿದ ಜಿಪ್ ಫೈಲನ್ನು ಹೋಟೆಲಿನ ಗಣಹೋಮದ ಫೋಟೋ ಒಳಗೆ ಸೇರಿಸಿಕೊಟ್ಟ. ತೆರೆದರೆ ಬರೀ ಫೋಟೋ. ದೊಡ್ಡಪ್ಪನಿಗೆ ಅದು ಎಷ್ಟು ಖುಷಿಯಾಯಿತೆಂದರೆ ಬಂದವರಿಗೆಲ್ಲ ಫೋಟೋ ತೋರಿಸಿ ಸುಮ್ನೆ ನಗುತ್ತಿದ್ದರು.

ದೊಡ್ಡಪ್ಪ ಈಗಿಲ್ಲ. ಅಕ್ಕ ಠಾಣೆಯಲ್ಲಿ ಸಣ್ಣದಾಗಿ ತಿಂಡಿ ಅಂಗಡಿ ಶುರು ಮಾಡುತ್ತಿದ್ದಾಳೆ, ಅಳತೆ ಕೇಳಿದಳು. ಫೋಟೋವನ್ನು ನಾನು ಹಿಂದೊಮ್ಮೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಅಲ್ಲಿಂದ ಇಳಿಸಿಕೊಂಡು ಜಿಪ್ ತೆರೆಯುವ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ "ಇದು ಆರ್ಕೈವ್ ಅಲ್ಲ" ಅನ್ನುತ್ತದೆ. ಫೋಟೋ ಮಾತ್ರ ಚೆನ್ನಾಗಿ ಕಾಣುತ್ತದೆ. ಫೈಲ್ 190 ಕೆಬಿ ಇದೆ.

ಹಿಂಜವಡಿ ನೈಟ್ ಶಿಫ್ಟ್
190 ಕೆಬಿ ಅಂದ ಮೇಲೆ ಮುಗಿಯಿತು. ಆ ಪ್ರತಿಯಲ್ಲಿ ಏನೂ ಉಳಿದಿಲ್ಲ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ.

"ಫೋಟೋ ಒಳಗೆ" ಅಂತ ನಾವು ಅನ್ನುತ್ತೇವೆ, ಆದರೆ ಫೈಲ್ ಒಳಗೆ ಹೋಗಿಯೇ ಇರುವುದಿಲ್ಲ. ಫೋಟೋ ಹಿಂದೆ ಬಾಲದ ಹಾಗೆ ಅಂಟಿಕೊಂಡಿರುತ್ತದೆ. ನಿಮಗೆ ಲೋಕಲ್ ಟ್ರೇನಿನ ಲೆಕ್ಕದಲ್ಲೇ ಹೇಳಬೇಕೆಂದರೆ, 12 ಡಬ್ಬಿಯ ಗಾಡಿಗೆ ಹಿಂದೆ ಇನ್ನೂ ಮೂರು ಡಬ್ಬಿ ಜೋಡಿಸಿದ್ದಾರೆ, ಪ್ಲಾಟ್‌ಫಾರ್ಮ್ ಇರುವುದು 12ಕ್ಕೆ ಮಾತ್ರ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಹಿಂದಿನ ಮೂರರ ಗೊಡವೆ ಇಲ್ಲ.

ಫೈಲ್ ಅಂದರೆ ಬೈಟ್ ಅನ್ನುವ ಪುಟ್ಟ ಸಂಖ್ಯೆಗಳ ಉದ್ದ ಸಾಲು. ಜೆಪಿಜಿ ಅಂದರೆ ಮಾಮೂಲಿ ಫೋಟೋ ಫೈಲ್, ಅದರ ಮೊದಲ ಎರಡು ಬೈಟ್ ಯಾವಾಗಲೂ ಎಫ್‌ಎಫ್ ಡಿ8. ಚಿತ್ರ ಮುಗಿಯುವ ಕಡೆ ಎಫ್‌ಎಫ್ ಡಿ9 ಅನ್ನುವ ಗುರುತು. ಫೋಟೋ ತೋರಿಸುವ ಸಾಫ್ಟ್‌ವೇರ್ ಮುಂದಿನಿಂದ ಓದುತ್ತಾ ಬಂದು ಆ ಗುರುತು ಸಿಕ್ಕ ಕೂಡಲೇ ನಿಲ್ಲುತ್ತದೆ. ಆಮೇಲೆ ಏನಿದ್ದರೂ ಅದಕ್ಕೆ ಬೇಡ. ಜಿಪ್ ಇದಕ್ಕೆ ಪೂರ್ತಿ ಉಲ್ಟಾ. ಅದರ ಸೂಚಿಪಟ್ಟಿ, ಅಂದರೆ ಒಳಗೆ ಯಾವ ಫೈಲ್ ಎಲ್ಲಿದೆ ಅನ್ನುವುದು, ಇರುವುದು ಕೊನೆಯಲ್ಲಿ. ಹಾಗಾಗಿ ಜಿಪ್ ಓದುವವನು ಹಿಂದಿನಿಂದ ಶುರು ಮಾಡುತ್ತಾನೆ. ಒಬ್ಬ ಮುಂದಿನಿಂದ, ಒಬ್ಬ ಹಿಂದಿನಿಂದ. ಇಬ್ಬರಿಗೂ ತಮ್ಮ ತಮ್ಮ ಫೈಲ್ ಸರಿಯಾಗಿ ಸಿಗುತ್ತದೆ. ಇಡೀ ಟ್ರಿಕ್ ಇಷ್ಟೇ.

ಮೆಸೇಜ್ ಆ್ಯಪ್‌ಗಳು ಫೋಟೋವನ್ನು ಇದ್ದ ಹಾಗೆ ಕಳಿಸುವುದಿಲ್ಲ. ಚಿತ್ರವನ್ನು ಓದಿ, ಸಣ್ಣದು ಮಾಡಿ, ಹೊಸ ಜೆಪಿಜಿ ಬರೆದು ಕಳಿಸುತ್ತವೆ. ಓದುವಾಗಲೇ ಡಿ9 ಹತ್ತಿರ ನಿಂತಾಯಿತಲ್ಲ, ಬಾಲ ಅಲ್ಲೇ ಕಳಚಿತು. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಒಂದು ಬೈಟೂ ಬದಲಾಗುವುದಿಲ್ಲ. 2 ಜಿಬಿವರೆಗೆ ಹೋಗುತ್ತದೆ.

ಡೊಂಬಿವಲಿ ಪೂರ್ವ
ಅಯ್ಯೋ. ನಾನು ಗ್ಯಾಲರಿಯಿಂದಲೇ ಹಾಕಿದ್ದೆ. ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹೋಗಿ ಮೂರು ವರ್ಷವಾಯಿತು.

ವಾಸ್ಕೋ ಬಂದರು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಅಣ್ಣಾರೆ. ಈ ಟ್ರಿಕ್ ಈಗಲೇ ಮಾಡಿ ನೋಡೋಣ ಅಂತ ಕೂತೆ. ಮೊದಲು ಕಾಪಿ ಅಂತ ಕನ್ನಡದಲ್ಲೇ ಹೊಡೆದೆ, ಕಪ್ಪು ಕಿಟಕಿ ಬರೀ ಚೌಕ ಚೌಕ ತೋರಿಸಿತು. ಇಂಗ್ಲಿಷಿನಲ್ಲಿ ಹೊಡೆದ ಮೇಲೆ ನಡೆಯಿತು. ಆದರೆ 3 ಎಂಬಿ ಫೋಟೋ, 5 ಎಂಬಿ ಜಿಪ್, ಎರಡೂ ಕೂಡಿಸಿದರೆ ಬಂದದ್ದು ಎಷ್ಟೋ ಕೆಬಿ. ಫೋಟೋ ತೆರೆದರೆ ನನ್ನ ಮಗಳ ತಲೆ ಮಾತ್ರ ಕಾಣುತ್ತದೆ, ಉಳಿದದ್ದು ಬೂದಿ ಬಣ್ಣ. ಎಲ್ಲಿ ತಪ್ಪಿದೆ?

ಹಿಂಜವಡಿ ನೈಟ್ ಶಿಫ್ಟ್
ಓರೆಗೆರೆ ಬಿ ಬಿಟ್ಟಿದ್ದೀರಿ. ಸಾಲು ಹೀಗಿರಬೇಕು (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ):

ಕಾಪಿ /ಬಿ ಫೋಟೋ.ಜೆಪಿಜಿ + ಪುಟಗಳು.ಜಿಪ್ ಹೊಸದು.ಜೆಪಿಜಿ

ಬಿ ಅಂದರೆ ಬೈನರಿ. ಅದನ್ನು ಹಾಕದೆ ಎರಡು ಫೈಲ್ ಕೂಡಿಸಿದರೆ, ಇವು ಬರಹದ ಫೈಲ್‌ಗಳು ಅಂತ ಕಾಪಿ ಅಂದುಕೊಳ್ಳುತ್ತದೆ. ವಿಂಡೋಸ್‌ಗೆ ಮೊದಲಿದ್ದ ಡಾಸ್ ಕಾಲದಿಂದ ಬಂದ ಅಭ್ಯಾಸ ಅದು. ಆಗ ಬರಹ ಮುಗಿಯಿತು ಅನ್ನುವುದಕ್ಕೆ ಕಂಟ್ರೋಲ್ ಝಡ್ ಗುರುತು ಇತ್ತು, ಬೈಟ್ ಲೆಕ್ಕದಲ್ಲಿ 1ಎ. ಫೋಟೋದಲ್ಲಿ ಆ ಬೈಟ್ ಎಲ್ಲಿ ಬೇಕಾದರೂ ಬರುತ್ತದೆ. ನಿಮ್ಮ ಮಗಳ ಕುತ್ತಿಗೆ ಹತ್ತಿರ ಬಂದಿದೆ, ಅಲ್ಲಿಗೆ ಕತ್ತರಿಸಿದೆ. ಜಿಪ್‌ಗೂ ಅದೇ ಗತಿ.

ಫೋಟೋ ಮೊದಲು, ಜಿಪ್ ಆಮೇಲೆ. ಉಲ್ಟಾ ಮಾಡಿದರೆ ಫೋಟೋ ತೆರೆಯುವುದಿಲ್ಲ. ಕೊನೆಯಲ್ಲಿ ಹೊಸ ಹೆಸರು ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೊದಲ ಫೋಟೋ ಮೇಲೆಯೇ ಬರೆದುಬಿಡುತ್ತದೆ. ಲಿನಕ್ಸ್, ಮ್ಯಾಕ್ ಇದ್ದವರಿಗೆ ಕ್ಯಾಟ್ ಕಮಾಂಡ್. ಎರಡು ಫೈಲ್ ಹೆಸರು ಬರೆದು, ಬಾಣದ ಗುರುತು ಹಾಕಿ, ಹೊಸ ಹೆಸರು. ಅಲ್ಲಿ ಬಿ ಗಿ ಏನೂ ಬೇಡ.

ಲ್ಯಾಮಿಂಗ್ಟನ್ ರೋಡ್ ರಿಪೇರಿ
ಇದೊಂದು ಮಕ್ಕಳಾಟ ಮಾರಾಯ್ರೆ. ನನ್ನ ಅಂಗಡಿಗೆ ಬರುವ ಹಾರ್ಡ್ ಡಿಸ್ಕ್‌ಗಳಲ್ಲಿ ಇಂಥದ್ದು ಎಷ್ಟೋ ನೋಡಿದ್ದೇನೆ. ಫೋಲ್ಡರನ್ನು ಸೈಜ್ ಪ್ರಕಾರ ಜೋಡಿಸಿದರೆ ಸಾಕು. ಅಕ್ಕಪಕ್ಕದ ಫೋಟೋಗಳೆಲ್ಲ 2 ಎಂಬಿ, ನಡುವೆ ಒಂದು ಗಣಪತಿ ಮಾತ್ರ 40 ಎಂಬಿ! ಗಣಪತಿಯ ಹೊಟ್ಟೆ ದೊಡ್ಡದು ನಿಜ, ಆದರೂ ಅಷ್ಟಲ್ಲ.

ಅದೂ ಬೇಡ, ನೋಟ್‌ಪ್ಯಾಡಿನಲ್ಲಿ ತೆರೆದು ಪಿಕೆ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಹುಡುಕಿ. ಜಿಪ್ ಮಾದರಿ ಮಾಡಿದ ಫಿಲ್ ಕಾಟ್ಜ್ 1989ರಲ್ಲೇ ತನ್ನ ಹೆಸರಿನ ಅಕ್ಷರಗಳನ್ನು ಅದರಲ್ಲಿ ಕೂರಿಸಿದ್ದಾನೆ, ಇವತ್ತಿಗೂ ಪ್ರತಿ ಜಿಪ್‌ನಲ್ಲೂ ಇದೆ. ಬಿನ್‌ವಾಕ್ ಅಂತ ಒಂದು ಟೂಲ್ ಇದೆ, ಫೋಟೋ ಕೊಟ್ಟರೆ ಎಷ್ಟನೇ ಬೈಟಿನಲ್ಲಿ ಏನು ಅಂಟಿದೆ ಅಂತ ಹೇಳುತ್ತದೆ. ಜಿಪ್‌ಗೆ ಪಾಸ್‌ವರ್ಡ್ ಹಾಕಿದರೂ ಒಳಗಿನ ಫೈಲ್‌ಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರೂ ಕಾಣಬಾರದು ಅಂದರೆ 7ಝಡ್ ಮಾದರಿಯಲ್ಲಿ ಮಾಡಿ, ಹೆಸರನ್ನೂ ಎನ್‌ಕ್ರಿಪ್ಟ್ ಮಾಡು ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಅದರಲ್ಲಿ ಎಇಎಸ್ 256 ಅನ್ನುವ ಗಟ್ಟಿ ಬೀಗ ಇದೆ. ಹಳೆಯ ಜಿಪ್ ಬೀಗವನ್ನು ಹೇಗೆ ಮುರಿಯಬಹುದು ಅಂತ 1994ರಲ್ಲೇ ತೋರಿಸಿಕೊಟ್ಟಾಗಿದೆ.

ಮುಚ್ಚಿಡುವುದು ಬೇರೆ, ಬೀಗ ಹಾಕುವುದು ಬೇರೆ. ಅಕ್ಕಿ ಡಬ್ಬಿಯೊಳಗೆ ದುಡ್ಡು ಇಟ್ಟ ಹಾಗೆ ಇದು.

ಮುಲುಂಡ್ ಅಜ್ಜ
ಅಕ್ಕಿ ಡಬ್ಬಿಯನ್ನು ಯಾಕೆ ಬೈಯುತ್ತೀಯಪ್ಪ? ನಮ್ಮಮ್ಮ ಅದರಲ್ಲಿ ಇಟ್ಟ ದುಡ್ಡಿನಲ್ಲೇ ನಾನು ರಾತ್ರಿ ಶಾಲೆ ಫೀಸು ಕಟ್ಟಿದ್ದು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗರು ನಾವು. ಡಬ್ಬಿಯ ಕಳ್ಳ ಹೊರಗಿನವನಲ್ಲ, ಮನೆಯ ಮಕ್ಕಳು. ಅವರಿಂದ ಅಡಗಿಸಲು ಅಷ್ಟೇ ಸಾಕು. ಈ ಹುಡುಗನ ದೊಡ್ಡಪ್ಪನಿಗೆ ಬೇಕಾಗಿದ್ದೂ ಅಷ್ಟೇ ಅಲ್ವಾ? ಗಲ್ಲೆಯಲ್ಲಿ ಕೂತವನ ಕಣ್ಣಿಗೆ ಬೀಳಬಾರದು. ಅವನೇನು ಬಿನ್‌ವಾಕ್ ಓಡಿಸುತ್ತಾನಾ?

ತಮ್ಮಾ ಡೊಂಬಿವಲಿ, ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದವನು. ಕಳೆದುಹೋದ ಕಾಗದ ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ಒಂದೇ. ಇದನ್ನು ಬೇರೆ ಯಾರಿಗೆ ಕೊಟ್ಟಿದ್ದಿ? ಗ್ರೂಪಿಗೆ ಹಾಕುವ ಮೊದಲು ಯಾರಿಗಾದರೂ ಇಮೇಲ್ ಮಾಡಿದ್ದಿಯಾ, ನೆನಪು ಮಾಡಿಕೊ.

ಕಾಲಿನಾ ಹಾಸ್ಟೆಲ್
ರಿಪೇರಿ ಅಣ್ಣ ಹೇಳಿದ್ದು ಬಾಲ ಅಂಟಿಸುವ ವಿಧಾನಕ್ಕೆ ಸರಿ. ಆದರೆ ನಿಜವಾಗಿಯೂ ಚಿತ್ರದ ಒಳಗೇ ಸೇರಿಸುವ ವಿಧಾನವೂ ಇದೆ. ಪ್ರತಿ ಚುಕ್ಕಿಯ ಬಣ್ಣ ಮೂರು ಸಂಖ್ಯೆ, ಕೆಂಪು, ಹಸಿರು, ನೀಲಿ. ಒಂದೊಂದೂ 0ಯಿಂದ 255. 200 ಇದ್ದದ್ದು 201 ಆದರೆ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಸಂಖ್ಯೆಯನ್ನು 0, 1ಗಳಲ್ಲಿ ಬರೆಯುತ್ತದೆ, ಒಂದೊಂದಕ್ಕೂ ಬಿಟ್ ಅನ್ನುತ್ತಾರೆ. ಆ ಕೊನೆಯ ಬಿಟ್‌ನಲ್ಲಿ ನಮ್ಮ ಗುಟ್ಟು ಬರೆಯುವುದು. 4000 ಅಡ್ಡ, 3000 ಉದ್ದದ ಫೋಟೋದಲ್ಲಿ 1.2 ಕೋಟಿ ಚುಕ್ಕಿ. ಚುಕ್ಕಿಗೆ 3 ಬಿಟ್ ಅಂದರೆ 3.6 ಕೋಟಿ ಬಿಟ್, 8ರಿಂದ ಭಾಗಿಸಿದರೆ 45 ಲಕ್ಷ ಬೈಟ್. ಸುಮಾರು ನಾಲ್ಕೂವರೆ ಎಂಬಿ ಹಿಡಿಯುತ್ತದೆ, ಚಿತ್ರದ ಅಳತೆ ಒಂದು ಚುಕ್ಕಿಯೂ ಹೆಚ್ಚುವುದಿಲ್ಲ.

ಇದನ್ನು ಪಿಎನ್‌ಜಿ ಅಥವಾ ಬಿಎಂಪಿ ಅನ್ನುವ ಚಿತ್ರದ ಮಾದರಿಯಲ್ಲಿ ಮಾಡಬೇಕು. ಜೆಪಿಜಿ ಉಳಿಸುವಾಗ ಇಂಥ ಸಣ್ಣ ಸಣ್ಣ ವ್ಯತ್ಯಾಸಗಳನ್ನೇ ಮೊದಲು ಒರೆಸಿ ಹಾಕುತ್ತದೆ. ಜೆಪಿಜಿಗೇ ಬೇಕು ಅಂದರೆ ಸ್ಟೆಗ್‌ಹೈಡ್ ಅನ್ನುವ ಕಮಾಂಡ್ ಇದೆ, ಪಾಸ್‌ವರ್ಡ್ ಕೇಳಿ ಸೇರಿಸುತ್ತದೆ. ಗ್ರೂಪಿಗೆ ಫೋಟೋ ಅಂತ ಹಾಕಿದರೆ ಅದೂ ಹಾಳಾಗುತ್ತದೆ ಬಿಡಿ.

ವಾಸ್ಕೋ ಬಂದರು
ಬಿ ಹಾಕಿದೆ, ಆಯಿತು! ಮಗಳು ಪೂರ್ತಿ ಕಾಣುತ್ತಾಳೆ. ಇದನ್ನು ಆಫೀಸಿನ ಕಂಪ್ಯೂಟರಿನಲ್ಲೂ ಮಾಡಬಹುದಾ? ಒಂದಿಷ್ಟು ಫೈಲ್ ಮನೆಗೆ ತರುವುದಿದೆ.

ಹಿಂಜವಡಿ ನೈಟ್ ಶಿಫ್ಟ್
ಬೇಡ ರೀ! ಕೈಮುಗಿದು ಹೇಳುತ್ತೇನೆ. ನಿಮ್ಮದೇ ಫೈಲ್ ಫೋಟೋ ಹಿಂದೆ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಕಂಪನಿಯ ಡೇಟಾವನ್ನು ಕೇಳದೆ ನಕಲು ಮಾಡಿ ತರುವುದು ಐಟಿ ಕಾಯ್ದೆ 2000ರ 43ನೇ ಸೆಕ್ಷನ್‌ಗೆ ಬರುತ್ತದೆ. ಮೋಸದ ಉದ್ದೇಶ ಇತ್ತು ಅಂತಾದರೆ 66, ಮೂರು ವರ್ಷದವರೆಗೆ ಜೈಲು. ಫೋಟೋ ಒಳಗೆ ಅಡಗಿಸಿ ತಂದವನು ಉದ್ದೇಶ ಇರಲಿಲ್ಲ ಅಂತ ಹೇಗೆ ವಾದಿಸುತ್ತಾನೆ?

ವಾಸ್ಕೋ ಬಂದರು
ಡ್ಯೂಟಿ ಚಾರ್ಟ್ ಅಷ್ಟೇ ಇತ್ತು. ಸರಿ, ಕಾಗದದಲ್ಲಿ ಬರೆದುಕೊಂಡು ಬರುತ್ತೇನೆ.

ಮಡಗಾಂವ್ ಟೀಚರ್
ಕಂಪ್ಯೂಟರ್ ನನಗೆ ಅಷ್ಟಕ್ಕಷ್ಟೆ. ಅಡಗಿಸುವ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಗೋವಾದಲ್ಲಿ ಹಿಂದೆ ಲೆಕ್ಕಪತ್ರಗಳನ್ನು ಗೋಯ್ಕಾನಡಿ ಅನ್ನುವ ಲಿಪಿಯಲ್ಲಿ ಬರೆಯುತ್ತಿದ್ದರು. ಹೆಸರಿನಲ್ಲೇ ನಮ್ಮ ಕನ್ನಡ ಕೂತಿದೆ ನೋಡಿ. ಈಗ ಓದುವವರು ಬೆರಳೆಣಿಕೆಯಷ್ಟು. ಪುಣೆಯಲ್ಲಿ ಪೇಶ್ವೆ ದಫ್ತರ ಅನ್ನುವ ಹಳೆಯ ದಾಖಲೆಗಳ ಭಂಡಾರದಲ್ಲಿ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ ರಾಶಿ ರಾಶಿ ಇದೆ. ಅದನ್ನೂ ಓದಲು ಜನ ಸಾಲದು. ಯಾರೂ ಅಡಗಿಸಿಟ್ಟದ್ದಲ್ಲ, ಓದುವ ರೀತಿ ಗೊತ್ತಿದ್ದವರು ಹೋದ ಮೇಲೆ ತಾನಾಗಿ ಅಡಗಿಕೊಂಡಿತು. ಈ ಹುಡುಗನ ಸಾಂಬಾರು ಪುಡಿಗೂ ಹಾಗಾಗದಿರಲಿ.

ಡೊಂಬಿವಲಿ ಪೂರ್ವ
ಸಿಕ್ಕಿತು!!! ಅಜ್ಜಾ, ನಿಮ್ಮ ಬಾಯಿಗೆ ಸಕ್ಕರೆ. 2016ರಲ್ಲಿ ಪಣಜಿಯಲ್ಲಿರುವ ಭಾವನಿಗೆ ಇಮೇಲ್ ಮಾಡಿದ್ದೆ, "ನೋಡು, ಒಳಗೆ ಏನೋ ಇದೆ" ಅಂತ. ಅವನು ತೆರೆದೇ ನೋಡಿರಲಿಲ್ಲ. ನನ್ನ ಕಳಿಸಿದ ಮೇಲ್‌ಗಳಲ್ಲಿ ಇನ್ನೂ ಇದೆ. 14 ಎಂಬಿ!

ಹಿಂಜವಡಿ ನೈಟ್ ಶಿಫ್ಟ್
ಭಲೇ. 25 ಎಂಬಿವರೆಗಿನ ಮಿತಿಯೊಳಗೆ ಇದ್ದದ್ದು ನಿಮ್ಮ ಅದೃಷ್ಟ. ಮೇಲ್ ಅಟ್ಯಾಚ್‌ಮೆಂಟನ್ನು ಸಣ್ಣದು ಮಾಡುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ಕಾಣುವ ಚಿತ್ರವನ್ನು ಒತ್ತಿ ಹಿಡಿದು ಸೇವ್ ಮಾಡಬೇಡಿ, ಅದು ತೋರಿಸಲಿಕ್ಕೆ ಮಾಡಿದ ಸಣ್ಣ ಪ್ರತಿ. ಡೌನ್‌ಲೋಡ್ ಬಾಣವನ್ನೇ ಒತ್ತಿ. ಇಳಿದ ಮೇಲೆ ಸೈಜ್ 14 ಎಂಬಿ ಇದೆಯಾ ನೋಡಿ.

ಡೊಂಬಿವಲಿ ಪೂರ್ವ
14 ಎಂಬಿಯೇ ಇದೆ. ಕೊನೆಯ ಜೆಪಿಜಿ ಅಳಿಸಿ ಜಿಪ್ ಅಂತ ಹೆಸರು ಬದಲಿಸಿದೆ. ಡಬಲ್ ಕ್ಲಿಕ್ ಮಾಡಿದರೆ ಫೈಲ್ ಕೆಟ್ಟಿದೆ ಅನ್ನುತ್ತಿದೆ. ಕೈ ನಡುಗುತ್ತಿದೆ ಸ್ವಾಮೀ.

ಹಿಂಜವಡಿ ನೈಟ್ ಶಿಫ್ಟ್
ಕೆಟ್ಟಿಲ್ಲ, ಗಾಬರಿ ಬೇಡ. ಸೂಚಿಪಟ್ಟಿಯಲ್ಲಿ "ಮೊದಲ ಪುಟ 0ನೇ ಬೈಟಿನಲ್ಲಿ" ಅಂತ ಬರೆದಿರುತ್ತದೆ. ಆದರೆ ಈಗ ಮುಂದೆ ಫೋಟೋ ಬಂದು ಕೂತಿದೆ. ಫೋಟೋ 2 ಎಂಬಿ ಇದ್ದರೆ ಎಲ್ಲ ಲೆಕ್ಕವೂ 2 ಎಂಬಿ ತಪ್ಪು. ಜಾಣ ಸಾಫ್ಟ್‌ವೇರ್ ಇದನ್ನು ಹೊಂದಿಸಿಕೊಳ್ಳುತ್ತದೆ, ಕೆಲವು ಹೊಂದಿಸಿಕೊಳ್ಳದೆ ಕೈ ಎತ್ತುತ್ತವೆ. 7-ಜಿಪ್ ಹಾಕಿಕೊಂಡು ಅದರಲ್ಲಿ ತೆರೆಯಿರಿ. ಲಿನಕ್ಸ್‌ನಲ್ಲಿ ಅನ್‌ಜಿಪ್ ಆದರೆ "ಮುಂದೆ ಇಷ್ಟು ಬೈಟ್ ಹೆಚ್ಚಿಗೆ ಇದೆ" ಅಂತ ಗೊಣಗಿ ತೆರೆದುಕೊಡುತ್ತದೆ. ಲೆಕ್ಕವನ್ನೇ ತಿದ್ದಬೇಕು ಅಂದರೆ ಜಿಪ್ ಕಮಾಂಡಿಗೆ ದೊಡ್ಡ ಎ ಅಕ್ಷರದ ಆಯ್ಕೆ ಇದೆ. ಏನೇ ಮಾಡುವ ಮೊದಲು ಒಂದು ನಕಲು ತೆಗೆದಿಡಿ.

ಡೊಂಬಿವಲಿ ಪೂರ್ವ
7-ಜಿಪ್‌ನಲ್ಲಿ ತೆರೆಯಿತು. ಪುಟ 1ರಿಂದ 14, ಎಲ್ಲ ಹೆಸರೂ ಕಾಣುತ್ತಿದೆ. ಪಾಸ್‌ವರ್ಡ್ ಕೇಳುತ್ತಿದೆ. ಪಾಸ್‌ವರ್ಡ್ ಹಾಕಿದ್ದು ದೊಡ್ಡಪ್ಪ. ನನಗೆ ಬೆನ್ನು ತಿರುಗಿಸಲು ಹೇಳಿ ಟೈಪ್ ಮಾಡಿದ್ದರು. ಅವರ ಹುಟ್ಟಿದ ದಿನ, ದೊಡ್ಡಮ್ಮನ ಹೆಸರು, ಊರಿನ ದೇವರು, ಎಲ್ಲ ಹಾಕಿ ನೋಡಿದೆ. ಯಾವುದೂ ಅಲ್ಲ.

ಲ್ಯಾಮಿಂಗ್ಟನ್ ರೋಡ್ ರಿಪೇರಿ
ದೊಡ್ಡಪ್ಪನಿಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತಾ? ಇಲ್ಲದಿದ್ದರೆ ಅಂಕಿಯೇ ಇರುತ್ತದೆ. ಏಳೆಂಟು ಅಂಕಿ ಆದರೆ ಒಡೆಯಬಹುದು. ಏಳು ಅಂಕಿ ಅಂದರೆ ಒಟ್ಟು ಒಂದು ಕೋಟಿ ಸಾಧ್ಯತೆ, ಹಳೆಯ ಜಿಪ್ ಬೀಗಕ್ಕೆ ಮಾಮೂಲಿ ಲ್ಯಾಪ್‌ಟಾಪೂ ಒಂದು ಕಟಿಂಗ್ ಚಾ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಹಾಕಿ ನೋಡುತ್ತದೆ. ಅಂಗಡಿಗೆ ಬನ್ನಿ, ದುಡ್ಡು ಬೇಡ, ಅಕ್ಕನ ಕೈಯಲ್ಲಿ ಒಂದು ಪ್ಲೇಟ್ ಇಡ್ಲಿ ಕೊಡಿಸಿ.

ಕಾಲಿನಾ ಹಾಸ್ಟೆಲ್
ಸುಮ್ನೆ ಒಂದು ವಿಷಯ. 2010ರಲ್ಲಿ ಅಮೆರಿಕದಲ್ಲಿ ಹತ್ತು ಜನ ರಷ್ಯಾದ ಗೂಢಚಾರರು ಸಿಕ್ಕಿಬಿದ್ದರು. ಅವರೂ ಚಿತ್ರಗಳಲ್ಲೇ ಸಂದೇಶ ಅಡಗಿಸುತ್ತಿದ್ದರು. ಅವರ ಸಾಫ್ಟ್‌ವೇರ್‌ಗೆ 27 ಅಕ್ಷರದ ಪಾಸ್‌ವರ್ಡ್. ಯಾರಿಗೆ ನೆನಪಿರುತ್ತದೆ? ಕಾಗದದಲ್ಲಿ ಬರೆದಿಟ್ಟಿದ್ದರು, ಮನೆ ಶೋಧಿಸಿದಾಗ ಎಫ್‌ಬಿಐ ಕೈಗೆ ಅದೇ ಸಿಕ್ಕಿತು. ನಿಮ್ಮ ದೊಡ್ಡಪ್ಪ ಎಲ್ಲೂ ಬರೆದಿಟ್ಟಿಲ್ಲವಾ?

ಮುಲುಂಡ್ ಅಜ್ಜ
ತಮ್ಮಾ, ನೀನು ಬರೆದ ಒಂದು ಮಾತು ತಲೆಯಲ್ಲೇ ಉಳಿದಿದೆ. ಬಂದವರಿಗೆಲ್ಲ ಫೋಟೋ ತೋರಿಸಿ ನಗುತ್ತಿದ್ದರು ಅಂದೆ. ಫೋಟೋದಲ್ಲಿ ಏನೇನಿದೆ?

ಡೊಂಬಿವಲಿ ಪೂರ್ವ
ಹೋಟೆಲ್ ಹೊಸದಾಗಿ ಮಾಡಿದಾಗ, 1996ರಲ್ಲಿ, ಗಣಹೋಮ ಮಾಡಿಸಿದ್ದರು. ಹೋಮದ ಕುಂಡ, ಭಟ್ಟರು, ದೊಡ್ಡಪ್ಪ, ದೊಡ್ಡಮ್ಮ, ಬಾಳೆಕಂಬ. ಹಿಂದೆ ಹೋಟೆಲಿನ ಬೋರ್ಡ್. ಗ್ರೂಪಿನ ಫೋಟೋದಲ್ಲಿ ಬೋರ್ಡ್ ಮೇಲೆ ಹೆಸರು ಮಾತ್ರ ಓದಲಿಕ್ಕಾಗುತ್ತದೆ, ಕೆಳಗಿನ ಸಾಲು ಮಸುಕು.

ಮುಲುಂಡ್ ಅಜ್ಜ
ಈಗ ನಿನ್ನ ಹತ್ತಿರ ದೊಡ್ಡ ಪ್ರತಿ ಇದೆಯಲ್ಲ, ಅದರಲ್ಲಿ ನೋಡು.

ಡೊಂಬಿವಲಿ ಪೂರ್ವ
ಫೋನ್ ನಂಬರ್. ಏಳು ಅಂಕಿಯದ್ದು. ಮುಂಬೈ ನಂಬರುಗಳ ಮುಂದೆ 2 ಸೇರಿಸುವುದಕ್ಕೆ ಮೊದಲಿನದು. ನಾನು ಹುಡುಗನಾಗಿದ್ದಾಗ ಡಯಲ್ ಮಾಡುತ್ತಿದ್ದ ನಂಬರ್, ಮರೆತೇಹೋಗಿತ್ತು.

ಹಾಕಿದೆ. ತೆರೆಯಿತು.

ಲ್ಯಾಮಿಂಗ್ಟನ್ ರೋಡ್ ರಿಪೇರಿ
ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ್ದರು ಅನ್ನಿ. ಅದೂ ಎಲ್ಲರಿಗೂ ತೋರಿಸಿ. ನನ್ನ ಇಡ್ಲಿ ಹೋಯಿತು.

ಮಡಗಾಂವ್ ಟೀಚರ್
ಓದಲು ಬರುತ್ತದಾ ಮಗಾ?

ಡೊಂಬಿವಲಿ ಪೂರ್ವ
14ರಲ್ಲಿ 9 ಪುಟ ಚೆನ್ನಾಗಿದೆ ಟೀಚರ್. ಮೂರು ಪುಟದಲ್ಲಿ ನೀರಿನ ಕಲೆ, ಎರಡು ಪೂರ್ತಿ ಖಾಲಿ. ಸಾಂಬಾರು ಪುಡಿ 4ನೇ ಪುಟದಲ್ಲಿದೆ, ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊತ್ತಂಬರಿ ಸೇರಿನಲ್ಲಿ, ಮೆಂತ್ಯ ಪಾವಿನಲ್ಲಿ, ಇಂಗು ತೊಲದಲ್ಲಿ ಬರೆದಿದ್ದಾರೆ. ಅಕ್ಕ "ನನ್ನ ಹತ್ತಿರ ಇರುವುದು ಕಿಲೋ ತಕ್ಕಡಿ" ಅಂತ ಬೈದಳು.

ಮುಲುಂಡ್ ಅಜ್ಜ
ತೊಲ ಅಂದರೆ 11.66 ಗ್ರಾಂ. ಸೇರು, ಪಾವು ಮಾತ್ರ ಊರಿಗೊಂದು ಅಳತೆ. ದೊಡ್ಡಮ್ಮನ ಹತ್ತಿರ ಹಳೆಯ ಪಾವು ಇದ್ದರೆ ಅದರಲ್ಲೇ ಮೆಂತ್ಯ ತುಂಬಿ ತಕ್ಕಡಿಗೆ ಹಾಕಿ ನೋಡಲಿ. ಎಷ್ಟು ತೊಲ ಇಂಗು ಬರೆದಿದ್ದಾರೆ?

ಡೊಂಬಿವಲಿ ಪೂರ್ವ
ಅದೊಂದು ಕೇಳಬೇಡಿ ಅಜ್ಜಾ. ಠಾಣೆಗೆ ಬನ್ನಿ, ತಿಂದು ನೋಡಿ. ಪಾವು ದೊಡ್ಡಮ್ಮನ ಹತ್ತಿರ ಇದೆ, ಅಕ್ಕಿ ಡಬ್ಬಿಯಲ್ಲಿ.